ಕೆಸರಲ್ಲಿ ಜಾಕ್ ಕೊಡುವುದು: ಬಾಟಲ್, ಹೈ-ಲಿಫ್ಟ್, ಗಾಳಿ ಚೀಲ, ನಿಮ್ಮ ಗಾಡಿಗೆ ಯಾವುದು?

ಮುಂಗಾರು ಹತ್ತಿರ ಬಂದರೆ ಸಾಕು, ಥಾರ್, ಜಿಮ್ನಿ, ಗೂರ್ಖಾದಂಥ ಫೋರ್ ವೀಲ್ ಡ್ರೈವ್ ಗಾಡಿ ಇಟ್ಟುಕೊಂಡವರು ಕೇಳುವ ಪ್ರಶ್ನೆ ಒಂದೇ. ಗಾಡಿ ಜೊತೆ ಬಂದ ಜಾಕ್ ಸಾಕಾ? ಎಣ್ಣೆಯ ಒತ್ತಡದಿಂದ ಏಳುವ, ಬಾಟಲ್ ಆಕಾರದ ಹೈಡ್ರಾಲಿಕ್ ಬಾಟಲ್ ಜಾಕ್ ತಗೊಳ್ಳಲಾ? ಬಂಪರ್‌ಗೆ ಕಟ್ಟಿಕೊಂಡು ಓಡಾಡುವ ಆ ಉದ್ದನೆಯ ಹೈ-ಲಿಫ್ಟ್ ಹೇಗೆ? ಸೈಲೆನ್ಸರ್ ಹೊಗೆ ತುಂಬಿ ಉಬ್ಬಿಸುವ ಚೀಲ ಇದೆಯಂತಲ್ಲ, ಅದು ನಿಜಕ್ಕೂ ಕೆಲಸ ಮಾಡುತ್ತಾ?

ಡಾಂಬರು ರಸ್ತೆಯಲ್ಲಿ ಪಂಕ್ಚರ್ ಆದರೆ ಇದೊಂದು ಪ್ರಶ್ನೆಯೇ ಅಲ್ಲ. ಯಾವ ಜಾಕ್ ಆದರೂ ನಡೆಯುತ್ತದೆ. ಮೂಡಿಗೆರೆ ಕಡೆಯ ಕಾಫಿ ತೋಟದ ಇಳಿಜಾರಿನಲ್ಲೋ, ಕೊಡಚಾದ್ರಿಯ ಜೀಪ್ ದಾರಿಯಲ್ಲೋ, ಗದಗದ ಎರೆಮಣ್ಣಿನ ಹೊಲದ ಬದಿಯಲ್ಲೋ ಗಾಡಿ ಕೂತರೆ ಲೆಕ್ಕವೇ ಬೇರೆ. ಅಲ್ಲಿ ನೆಲ ಗಟ್ಟಿ ಇರುವುದಿಲ್ಲ, ಸಮ ಇರುವುದಿಲ್ಲ. ಜಾಕ್ ಮೇಲೇರುವ ಬದಲು ತಾನೇ ಕೆಳಗಿಳಿಯುತ್ತದೆ.

ಮೊದಲು: ಎತ್ತಲೇಬೇಕಾ?

ಎಷ್ಟೋ ಸಲ ಬೇಕಿಲ್ಲ. ಟ್ಯೂಬ್‌ಲೆಸ್ ಟೈರಿನ ಮೇಲ್ಮೈಗೆ ಮೊಳೆ ಚುಚ್ಚಿದ್ದರೆ ಚಕ್ರ ಬಿಚ್ಚದೆ, ಗಾಡಿ ನಿಂತಲ್ಲೇ ಪ್ಲಗ್ ಹಾಕಿ ಗಾಳಿ ತುಂಬಬಹುದು. ಪ್ಲಗ್ ಕಿಟ್ ಮತ್ತು 12 ವೋಲ್ಟ್ ಕಂಪ್ರೆಸರ್ ಎರಡೂ ಸೇರಿ ಒಂದು ಒಳ್ಳೆಯ ಜಾಕ್‌ನ ಬೆಲೆಗಿಂತ ಜಾಸ್ತಿ ಏನೂ ಆಗುವುದಿಲ್ಲ. ಪಕ್ಕದ ಗೋಡೆ ಸೀಳಿದ್ದರೆ ಮಾತ್ರ ಸ್ಟೆಪ್ನಿ ಹಾಕಲೇಬೇಕು.

ಹೂತುಕೊಂಡಿದ್ದರೂ ಅಷ್ಟೇ. ಟೈರಿನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಚಕ್ರದ ಮುಂದಿನ ಮಣ್ಣು ಗುದ್ದಲಿಯಿಂದ ಎಳೆದು, ನಾಲ್ಕು ಕಲ್ಲು ಕೊಟ್ಟರೆ ಅರ್ಧಕ್ಕರ್ಧ ಗಾಡಿಗಳು ತಾವಾಗಿಯೇ ಎದ್ದು ಬರುತ್ತವೆ. ಗಟ್ಟಿ ರಸ್ತೆಗೆ ಬಂದ ಮೇಲೆ ಮತ್ತೆ ಗಾಳಿ ತುಂಬಲು ಅದೇ ಕಂಪ್ರೆಸರ್ ಬೇಕು. ಹಾಗಾಗಿ ಜಾಕ್‌ಗಿಂತ ಮೊದಲು ಅದನ್ನು ತಗೊಳ್ಳಿ ಅಂತಲೇ ನಾನು ಹೇಳುವುದು.

ಇಷ್ಟಾದರೂ ಎತ್ತಲೇಬೇಕಾದ ಹೊತ್ತು ಬರುತ್ತದೆ. ಆಗ ಆಯ್ಕೆ ಹೇಗೆ?

ಅಳೆಯುವ ಕೋಲುಗಳು

ಎಷ್ಟು ಟನ್ ಎತ್ತುತ್ತದೆ ಅನ್ನುವುದನ್ನೇ ಎಲ್ಲರೂ ಮೊದಲು ನೋಡುತ್ತಾರೆ. ನಿಜ ಹೇಳಬೇಕೆಂದರೆ ಅದು ಕೊನೆಯ ಪ್ರಶ್ನೆ. ಜಿಮ್ನಿಯ ತೂಕ ಸುಮಾರು 1,200 ಕೆಜಿ, ಥಾರ್‌ನದು ಅದರ ಒಂದೂವರೆ ಪಟ್ಟು. ಒಂದು ಮೂಲೆ ಎತ್ತಲು 2 ಟನ್ನಿನ ಜಾಕ್ ಧಾರಾಳವಾಗಿ ಸಾಕು. ಕೆಸರು ಚಕ್ರವನ್ನು ಕಚ್ಚಿ ಎಳೆಯುತ್ತದೆ, ಸಾಮಾನು ತುಂಬಿರುತ್ತದೆ ಅಂತ 3 ಟನ್ ತಗೊಂಡರೆ ನಿಶ್ಚಿಂತೆ. ಅಷ್ಟಕ್ಕೇ ಆ ಮಾತು ಮುಗಿಯಿತು.

ಮೊದಲ ಪ್ರಶ್ನೆ, ಜಾಕ್ ಎಲ್ಲಿ ಹಿಡಿಯುತ್ತದೆ? ಗಾಡಿಯ ಕೆಳಗೆ ಬಗ್ಗಿ ನೋಡಿ. ಜಿಮ್ನಿ, ಹಳೇ ಜಿಪ್ಸಿಗಳಲ್ಲಿ ಹಿಂದೆ ಮುಂದೆ ಎರಡೂ ಕಡೆ ಈ ಚಕ್ರದಿಂದ ಆ ಚಕ್ರದವರೆಗೆ ಒಂದೇ ಗಟ್ಟಿ ಆಕ್ಸಲ್ ಇದೆ. ಥಾರ್, ಬೊಲೆರೊ, ಹೈಲಕ್ಸ್, ಈಗಿನ ಗೂರ್ಖಾದಲ್ಲಿ ಹಿಂದೆ ಮಾತ್ರ ಹಾಗೆ, ಮುಂದಿನ ಎರಡು ಚಕ್ರ ಬೇರೆ ಬೇರೆಯಾಗಿ ಏರಿಳಿಯುತ್ತವೆ. ಗಟ್ಟಿ ಆಕ್ಸಲ್‌ಗೆ ಜಾಕ್ ಕೊಟ್ಟರೆ ಚಕ್ರ ತಕ್ಷಣ ಏಳುತ್ತದೆ. ಚಾಸಿಗೋ ಬಂಪರ್‌ಗೋ ಕೊಟ್ಟರೆ ಮೊದಲು ಬಾಡಿ ಏಳುತ್ತದೆ, ಸ್ಪ್ರಿಂಗ್ ಚಾಚಿಕೊಳ್ಳುತ್ತದೆ, ಚಕ್ರ ಮಾತ್ರ ಕೆಸರಲ್ಲೇ ಇರುತ್ತದೆ. ಒಂದು ಗೇಣು ಎತ್ತಿದರೂ ಟೈರು ನೆಲ ಬಿಟ್ಟಿರುವುದಿಲ್ಲ. ಗಾಡಿ ಎತ್ತರವಾದಷ್ಟೂ ವಾಲುವುದು ಜಾಸ್ತಿ. ಆದ್ದರಿಂದ ಕಡಿಮೆ ಎತ್ತಿ ಕೆಲಸ ಮುಗಿಸುವ ಜಾಕೇ ಒಳ್ಳೆಯ ಜಾಕ್.

ಎರಡನೆಯದು ನೆಲ. ಬಾಟಲ್ ಜಾಕ್‌ನ ತಳ ಹೆಚ್ಚುಕಡಿಮೆ 10 ಸೆಂ.ಮೀ. ಚೌಕ. ಅದರ ಮೇಲೆ 600 ಕೆಜಿ ಬಿದ್ದರೆ ಒಂದು ಚದರ ಸೆಂ.ಮೀ.ಗೆ 6 ಕೆಜಿ ಒತ್ತಡ. ಮಳೆಯಲ್ಲಿ ನೆನೆದ ಮಣ್ಣು ಇದನ್ನು ತಡೆಯುವುದಿಲ್ಲ. ಅದೇ ಜಾಕ್ ಕೆಳಗೆ 30 ಸೆಂ.ಮೀ. ಚೌಕದ ದಪ್ಪ ಹಲಗೆ ಇಟ್ಟರೆ ಒತ್ತಡ ಒಂಬತ್ತನೇ ಒಂದು ಪಾಲಿಗೆ ಇಳಿಯುತ್ತದೆ. 19 ಮಿ.ಮೀ.ನ ಪ್ಲೈವುಡ್ ಎರಡು ತುಂಡು ಅಂಟಿಸಿ ಸ್ಕ್ರೂ ಹೊಡೆದರೆ ಆಯಿತು, ಹಿಡಿಯಲು ಒಂದು ಹಗ್ಗ ಕಟ್ಟಿಕೊಳ್ಳಿ. ಸಾವಿರಾರು ರೂಪಾಯಿ ಕೊಟ್ಟು ಜಾಕ್ ತಗೊಂಡು ಇದನ್ನು ಮರೆಯುವವರೇ ಜಾಸ್ತಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಮಾತ್ರ ಬೇಡವೇ ಬೇಡ. ಅವು ಬಗ್ಗುವುದಿಲ್ಲ, ಬಿರುಕು ತೋರಿಸಿ ಎಚ್ಚರಿಸುವುದೂ ಇಲ್ಲ, ಒಮ್ಮೆಲೇ ಪುಡಿಯಾಗುತ್ತವೆ. ಮರವಾದರೆ ಕಿರುಗುಟ್ಟಿ ಹೇಳುತ್ತದೆ. ಮತ್ತಿ, ಹೊನ್ನೆಯಂಥ ಗಟ್ಟಿ ಮರದ ತುಂಡು ಸಿಕ್ಕರೆ ಬಿಡಬೇಡಿ.

ಮೂರನೆಯದು ಯಾರೂ ಕೇಳದ ಪ್ರಶ್ನೆ. ಎತ್ತಿದ ಮೇಲೆ ಗಾಡಿ ಉರುಳದಂತೆ ಹಿಡಿದಿರುವುದು ಏನು? ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂದಿನ ಎರಡೂ ಚಕ್ರ ನೆಲ ಬಿಟ್ಟರೆ ಹ್ಯಾಂಡ್ ಬ್ರೇಕ್ ಇದ್ದೂ ಇಲ್ಲದಂತೆ. ಗೇರ್‌ನಲ್ಲಿ ಬಿಟ್ಟಿದ್ದೇನಲ್ಲ ಅಂದರೆ, ಅದೂ ಪೂರ್ತಿ ನಿಜವಲ್ಲ. ಟೂ ವೀಲ್‌ನಲ್ಲಿದ್ದಾಗ, ಅಂದರೆ ಎಂಜಿನ್ ಹಿಂದಿನ ಚಕ್ರಗಳನ್ನಷ್ಟೇ ತಿರುಗಿಸುವಾಗ, ಹಿಂದಿನ ಒಂದು ಚಕ್ರ ಮೇಲೆದ್ದರೆ ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ ಆ ಚಕ್ರವನ್ನು ಸುಮ್ನೆ ತಿರುಗಿಸಿ ಇನ್ನೊಂದನ್ನು ಬಿಟ್ಟುಕೊಡುತ್ತದೆ. ಗೇರ್ ಇದ್ದರೂ ಗಾಡಿ ಉರುಳುತ್ತದೆ. ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ಲೋ ಗೇರ್ ಹಾಕಿದರೆ ಮುಂದಿನ ಆಕ್ಸಲ್ ಕೂಡ ಸೇರಿಕೊಂಡು ತಡೆಯುತ್ತದೆ. ಆದರೆ ಒಂದೇ ಬದಿಯ ಮುಂದಿನ, ಹಿಂದಿನ ಎರಡೂ ಚಕ್ರ ಎದ್ದರೆ ಅದೂ ಕೈಕೊಡುತ್ತದೆ. ಆಟೊಮ್ಯಾಟಿಕ್ ಗಾಡಿಯವರಿಗೆ ಇನ್ನೊಂದು ಮಾತು. ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ನ್ಯೂಟ್ರಲ್‌ನಲ್ಲಿದ್ದರೆ ಪಾರ್ಕಿಂಗ್ ಗೇರ್ ಏನನ್ನೂ ಹಿಡಿಯುವುದಿಲ್ಲ.

ಹೀಗಾಗಿ ಯಾವ ಜಾಕ್ ಆದರೂ ಸರಿ, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆಯಿಂದ ಕಲ್ಲು ಕೊಟ್ಟೇ ಶುರು ಮಾಡಿ. ಕೊಟ್ಟ ಕಲ್ಲನ್ನು ಒಮ್ಮೆ ಒದ್ದು ನೋಡಿ, ಅಲುಗಿದರೆ ಬೇರೆ ಕಲ್ಲು ಹುಡುಕಿ.

ಎತ್ತರ, ತೂಕ, ಒಬ್ಬರೇ ಇದ್ದಾಗ ನಿಭಾಯಿಸಬಹುದಾ, ಬೆಲೆ ಎಷ್ಟು, ಇವೆಲ್ಲ ಆಮೇಲೆ ಬರುತ್ತವೆ. ಒಂದೊಂದನ್ನೇ ನೋಡೋಣ.

ಗಾಡಿ ಜೊತೆ ಬಂದ ಜಾಕ್

ಕತ್ತರಿಯಂತೆ ಮಡಚುವುದೋ ತಿರುಪಿನ ಕಂಬದಂಥದ್ದೋ, ಕಂಪನಿ ಒಂದನ್ನು ಕೊಟ್ಟೇ ಇರುತ್ತದೆ. ಇದನ್ನು ಬೈಯುವುದು ಒಂದು ಫ್ಯಾಷನ್ ಆಗಿದೆ. ಆದರೆ ತಿರುಪಿನ ಜಾಕ್‌ಗೆ ಒಂದು ದೊಡ್ಡ ಗುಣವಿದೆ. ಸೀಲ್ ಹೋಗಿ ಇಳಿಯುವ ಭಯವಿಲ್ಲ, ಎಣ್ಣೆ ಸೋರುವುದಿಲ್ಲ, ತಿರುಗಿಸಿದಲ್ಲಿ ನಿಲ್ಲುತ್ತದೆ. ಯಾವ ಜಾಗಕ್ಕೆ ಕೊಡಬೇಕು ಅಂತ ಗಾಡಿಯ ಪುಸ್ತಕದಲ್ಲೇ ಚಿತ್ರ ಹಾಕಿರುತ್ತಾರೆ.

ಕೊರತೆ ಎರಡು. ತಳ ಚಿಕ್ಕದು, ಕೆಸರಲ್ಲಿ ಹೂತುಹೋಗುತ್ತದೆ. ದೊಡ್ಡ ಟೈರು, ಎತ್ತರದ ಸ್ಪ್ರಿಂಗ್ ಹಾಕಿಸಿದ ಗಾಡಿಗೆ ಎತ್ತರ ಸಾಲುವುದಿಲ್ಲ. ಕತ್ತರಿ ಜಾಕ್ ಪಕ್ಕಕ್ಕೆ ಸ್ವಲ್ಪ ವಾಲಿದರೂ ಮಡಚಿಕೊಳ್ಳುತ್ತದೆ, ಇಳಿಜಾರಿಗೆ ಅದು ಸಲ್ಲ. ಗಾಡಿಗೆ ಏನೂ ಬದಲಾವಣೆ ಮಾಡದೆ, ಹೋಂಸ್ಟೇ ದಾರಿಯ ತನಕ ಮಾತ್ರ ಹೋಗುವವರಿಗೆ ಇದೇ ಸಾಕು. ಹಲಗೆ ಒಂದು ಸೇರಿಸಿ.

ಹೈಡ್ರಾಲಿಕ್ ಬಾಟಲ್ ಜಾಕ್

ನನ್ನನ್ನು ಕೇಳಿದರೆ ಹತ್ತರಲ್ಲಿ ಎಂಟು ಜನರಿಗೆ ಇದೇ ಸರಿ. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹಿಡಿದು ತಾಲ್ಲೂಕು ಕೇಂದ್ರದ ಸ್ಪೇರ್ ಪಾರ್ಟ್ಸ್ ಅಂಗಡಿಯವರೆಗೆ ಎಲ್ಲ ಕಡೆ ಸಿಗುತ್ತದೆ. ಪುಟ್ಟ ಹ್ಯಾಂಡಲ್ ಒತ್ತುತ್ತ ಹೋದರೆ ಯಾರು ಬೇಕಾದರೂ ಗಾಡಿ ಎತ್ತಬಹುದು, ತೋಳ್ಬಲ ಬೇಕಿಲ್ಲ. ಸೀಟಿನ ಕೆಳಗೆ ಕೂರುತ್ತದೆ. ಆಕ್ಸಲ್‌ಗೆ ನೇರವಾಗಿ ಕೊಡಬಹುದು ಅನ್ನುವುದೇ ಇದರ ದೊಡ್ಡ ಲಾಭ.

ತಗೊಳ್ಳುವ ಮುಂಚೆ ಟೇಪ್ ಹಿಡಿಯಿರಿ. ಶೆಡ್‌ನಲ್ಲಿ ಒಂದು ಟೈರಿನ ಗಾಳಿ ಪೂರ್ತಿ ಬಿಟ್ಟು, ನೆಲದಿಂದ ಆಕ್ಸಲ್ ಪೈಪಿನ ತಳಕ್ಕೆ ಎಷ್ಟಿದೆ ಅಳೆಯಿರಿ. ಥಾರ್‌ನ 255/65 ಆರ್ 18 ಟೈರಿನ ಎತ್ತರ ಸುಮಾರು 79 ಸೆಂ.ಮೀ., ಜಿಮ್ನಿಯ 195/80 ಆರ್ 15 ಟೈರಿನದು 69. ಅಂದರೆ ಪಂಕ್ಚರ್ ಆದ ಜಿಮ್ನಿಯ ಆಕ್ಸಲ್ ಕೆಳಗೆ ಉಳಿಯುವ ಜಾಗ ಥಾರ್‌ಗಿಂತ ಎರಡು ಮೂರು ಬೆರಳಗಲ ಕಡಿಮೆ. ಎಷ್ಟೋ ಬಾಟಲ್ ಜಾಕ್‌ಗಳು ಮುಚ್ಚಿದಾಗಲೇ 20 ಸೆಂ.ಮೀ. ಎತ್ತರ ಇರುತ್ತವೆ. ಅದರ ಕೆಳಗೆ ನಾಲ್ಕು ಸೆಂ.ಮೀ. ಹಲಗೆ ಬೇರೆ. ಜಾಗವೇ ಇಲ್ಲದಿದ್ದರೆ ಅಗೆಯಬೇಕಾಗುತ್ತದೆ. ಎರಡು ಹಂತದಲ್ಲಿ ಮೇಲೇರುವ ಜಾಕ್ ಸಿಕ್ಕರೆ ಸ್ವಲ್ಪ ದುಡ್ಡು ಜಾಸ್ತಿಯಾದರೂ ಅದನ್ನೇ ತಗೊಳ್ಳಿ. ಮುಚ್ಚಿದಾಗ ಕುಳ್ಳ, ಎತ್ತಿದಾಗ ಉದ್ದ.

ಇದರ ದೋಷ ತಲೆಯಲ್ಲಿದೆ. ಜಾಕ್‌ನ ಮೇಲ್ತುದಿ ಪುಟ್ಟ ಬಿಲ್ಲೆ, ಆಕ್ಸಲ್ ದುಂಡನೆಯ ಪೈಪ್. ದುಂಡಗಿನದು ಚಪ್ಪಟೆಯ ಮೇಲೆ ಕೂತರೆ ಜಾರುತ್ತದೆ. ವೆಲ್ಡಿಂಗ್ ಅಂಗಡಿಯಲ್ಲಿ 'ವಿ' ಆಕಾರದ ಟೋಪಿ ಮಾಡಿಸಿ. ಅದು ಸುಮ್ನೆ ಮೇಲಿಟ್ಟಂತೆ ಇರಬಾರದು, ಜಾಕ್‌ನ ತಲೆಯನ್ನು ಸುತ್ತಲೂ ಹಿಡಿದು ಕೂರಬೇಕು. ಕೊಡುವ ಜಾಗ ಚಕ್ರಕ್ಕೆ ಹತ್ತಿರ, ಸ್ಪ್ರಿಂಗ್ ಕೂರುವ ಕಡೆ ಇರಲಿ. ಆಕ್ಸಲ್ ಮೇಲೆ ಹಾದುಹೋಗುವ ಬ್ರೇಕ್ ಪೈಪ್ ಮಧ್ಯೆ ಸಿಕ್ಕಿಕೊಂಡಿಲ್ಲ ಅಂತ ಕೈಯಿಂದ ಮುಟ್ಟಿ ನೋಡಿ. ಕೆಸರು ಮೆತ್ತಿದಾಗ ಕಣ್ಣಿಗೆ ಕಾಣುವುದಿಲ್ಲ.

ಥಾರ್, ಬೊಲೆರೊದ ಮುಂಭಾಗಕ್ಕೆ ಈ ಆಕ್ಸಲ್ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಪುಸ್ತಕ ತೋರಿಸಿದ ಜಾಗಕ್ಕೇ ಕೊಡಬೇಕು, ಸ್ಪ್ರಿಂಗ್ ಚಾಚುವಷ್ಟು ಹೆಚ್ಚು ಎತ್ತರವೂ ಬೇಕು. ಅದಕ್ಕೇ ಜೊತೆಯಲ್ಲಿ ಮರದ ತುಂಡು ಇಟ್ಟುಕೊಳ್ಳಬೇಕು.

ಇಳಿಜಾರಿನಲ್ಲಿ ಹಲಗೆ ಇಡುವ ಜಾಗವನ್ನು ಗುದ್ದಲಿಯಿಂದ ಸಮ ಮಾಡಿ. ಜಾಕ್ ನೆಟ್ಟಗೆ ನಿಲ್ಲಲೇಬೇಕು, ವಾಲಿದರೆ ಭಾರ ಪಿಸ್ಟನ್ನಿನ ಒಂದೇ ಬದಿಗೆ ಬೀಳುತ್ತದೆ. ಇಳಿಸುವಾಗ ವಾಲ್ವ್ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ ಶುರು ಮಾಡಿ.

ಹೈ-ಲಿಫ್ಟ್

ಚಿತ್ರಗಳಲ್ಲಿ ನೋಡಲು ಇದೇ ಚೆಂದ, ಅಲ್ವಾ? 1905ರಿಂದ ಅಮೆರಿಕದ ಇಂಡಿಯಾನಾ ರಾಜ್ಯದ ಬ್ಲೂಮ್‌ಫೀಲ್ಡ್ ಊರಲ್ಲಿ ತಯಾರಾಗುತ್ತಿರುವ ಸಾಧನ ಇದು. ಈಗ ಅದೇ ಮಾದರಿಯವು ನಮ್ಮಲ್ಲೂ ಸಿಗುತ್ತವೆ. ತೂತು ತೂತಿನ ಉಕ್ಕಿನ ಪಟ್ಟಿ, ಅದರ ಮೇಲೆ ಮೆಟ್ಟಿಲು ಹತ್ತಿದಂತೆ ಏರುವ ರನ್ನರ್, ಉದ್ದನೆಯ ಹಿಡಿ. 48 ಇಂಚಿನದು ಸುಮಾರು 13 ಕೆಜಿ ತೂಗುತ್ತದೆ. ಮೀಟರ್ ಹತ್ತಿರ ಎತ್ತುತ್ತದೆ. ಬೇಕಾದರೆ ನಿಧಾನವಾಗಿ ಎಳೆಯುವ ವಿಂಚ್ ಆಗಿಯೂ ಬಳಸಬಹುದು. ಆಕ್ಸಲ್ ಕೆಳಗೆ ಕೈ ತೂರದಷ್ಟು ಗಾಡಿ ಹೂತಾಗ ಹೊರಗೆ ನಿಂತೇ ಎತ್ತಬಹುದು ಅನ್ನುವುದು ಇದರ ನಿಜವಾದ ಬಲ.

ಆದರೆ ಎಲ್ಲಿಗೆ ಕೊಡುತ್ತೀರಿ? ಜಿಮ್ನಿಯ ಪ್ಲಾಸ್ಟಿಕ್ ಬಂಪರ್‌ಗೆ ಕೊಟ್ಟರೆ ಬಂಪರ್ ಮಾತ್ರ ಮೇಲೆ ಬರುತ್ತದೆ. ಉಕ್ಕಿನ ಬಂಪರ್ ಅಥವಾ ಚಾಸಿಗೆ ಸೇರಿಸಿದ ಗಟ್ಟಿ ಸ್ಲೈಡರ್ (ಬಾಗಿಲ ಕೆಳಗಿನ ಉಕ್ಕಿನ ಪಟ್ಟಿ) ಬೇಕು. ಇಲ್ಲೊಂದು ಕಾನೂನಿನ ತೊಡಕೂ ಇದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ರಸ್ತೆ ಸಾರಿಗೆ ಇಲಾಖೆ ಬಂಪರ್ ಮುಂದೆ ಕೂರಿಸುವ ಉಕ್ಕಿನ ಬುಲ್ ಬಾರ್, ಕ್ರ್ಯಾಶ್ ಗಾರ್ಡ್ ಹಾಕಿಸಿದವರ ಮೇಲೆ ಕ್ರಮ ಕೈಗೊಳ್ಳುವಂತೆ ರಾಜ್ಯಗಳಿಗೆ ಹೇಳಿತು. ಜಾಕ್‌ಗೋಸ್ಕರ ಬಂಪರ್ ಬದಲಿಸಿ, ಆಮೇಲೆ ರಸ್ತೆಯಲ್ಲಿ ದಂಡ ಕಟ್ಟುವುದು ಯಾವ ಲೆಕ್ಕ? ಚಕ್ರದ ರಿಮ್ಮಿಗೇ ಕೊಕ್ಕೆ ಹಾಕಿ ಚಕ್ರ ಎತ್ತುವ ಪರಿಕರ ಸಿಗುತ್ತದೆ. ಹೂತ ಚಕ್ರದ ಕೆಳಗೆ ಕಲ್ಲು ತುಂಬಲು ಅದು ಒಳ್ಳೆಯದು. ಚಕ್ರ ಬಿಚ್ಚುವ ಕೆಲಸಕ್ಕೆ ಬರುವುದಿಲ್ಲ.

ಇದರ ಅಪಾಯಗಳನ್ನು ಬಿಡಿಸಿಯೇ ಹೇಳಬೇಕು. ಹಿಡಿಯ ಮೇಲೆ ಯಾವಾಗಲೂ ಭಾರ ಇರುತ್ತದೆ. ಎತ್ತುವಾಗ ಅರ್ಧದಲ್ಲಿ ಕೈ ಬಿಟ್ಟರೆ ಹಿಡಿ ರಪ್ಪನೆ ಮೇಲೆ ಚಿಮ್ಮುತ್ತದೆ, ದವಡೆ ಅದರ ದಾರಿಯಲ್ಲೇ ಇರುತ್ತದೆ. ಆದ್ದರಿಂದ ತಲೆಯನ್ನು ಹಿಡಿ ಮತ್ತು ಪಟ್ಟಿಯ ನಡುವೆ ತರಲೇಬಾರದು, ನಿಲ್ಲಿಸಿದಾಗೆಲ್ಲ ಹಿಡಿಯನ್ನು ಪಟ್ಟಿಗೆ ತಾಗಿಸಿ ನಿಲ್ಲಿಸಬೇಕು. ಇಳಿಸುವ ಹೊತ್ತು ಇನ್ನೂ ಕೆಟ್ಟದ್ದು. ಹಿಡಿ ನೆಟ್ಟಗಿದ್ದಾಗ ಮಾತ್ರ ಇಳಿಸುವ ಕೀಲಿ ತಿರುಗಿಸಬೇಕು. ಭಾರ ಸುಮಾರು 68 ಕೆಜಿಗಿಂತ ಕಡಿಮೆಯಾದರೆ ರನ್ನರ್ ಮೆಟ್ಟಿಲು ಮೆಟ್ಟಿಲಾಗಿ ಇಳಿಯದೆ ಜರ್ರನೆ ಕೆಳಗೆ ಬೀಳುತ್ತದೆ. ಪಿನ್ನುಗಳಲ್ಲಿ ಕೆಸರು ಒಣಗಿದ್ದರೆ ಕಚ್ಚಿಕೊಳ್ಳುವುದೇ ಇಲ್ಲ. ಬಂಪರ್ ಮೇಲೆ ಬಿಸಿಲು ಮಳೆಗೆ ಒಡ್ಡಿ ಅಲಂಕಾರಕ್ಕೆ ಕಟ್ಟಿಕೊಂಡವರ ಜಾಕ್‌ಗಳು ಬೇಕಾದ ದಿನ ಕೈಕೊಡುವುದು ಇದಕ್ಕೇ. ಒಂದು ಹೊದಿಕೆ ಹಾಕಿ, ಆಗಾಗ ತೆಳು ಎಣ್ಣೆ ಬಿಡಿ.

ಹಿಂದಿನ ಬಂಪರ್‌ನ ನಡುವೆ ಕೊಟ್ಟರೆ ಎರಡೂ ಚಕ್ರ ಏಳುತ್ತವೆ. ಹ್ಯಾಂಡ್ ಬ್ರೇಕ್ ಮಾತು ನೆನಪಿದೆಯಲ್ಲ? ಜೊತೆಗೆ ಗಾಡಿ ಒಂದೇ ಕಾಲಿನ ಮೇಲೆ ನಿಂತಂತೆ ಎಡಬಲ ತೂಗುತ್ತದೆ. ಗುಂಪಾಗಿ ಟ್ರೇಲ್ ಹೋಗುವವರಲ್ಲಿ ಒಂದು ಗಾಡಿಯಲ್ಲಿ ಇದ್ದರೆ ಸಾಕು, ಅದೂ ಬಳಸಿ ಗೊತ್ತಿರುವವರ ಕೈಯಲ್ಲಿ. ಒಬ್ಬರೇ ಓಡಾಡುವವರಿಗೆ, ಮೊದಲ ಸಲ ಕೊಳ್ಳುವವರಿಗೆ ನಾನು ಇದನ್ನು ಹೇಳುವುದಿಲ್ಲ.

ಹೊಗೆಯಿಂದ ಉಬ್ಬುವ ಚೀಲ

ನೋಡಿದರೆ ಆಟಿಕೆ ಅನಿಸುತ್ತದೆ. ಲೆಕ್ಕ ಹಾಕಿದರೆ ನಂಬಿಕೆ ಬರುತ್ತದೆ. 60 ಸೆಂ.ಮೀ. ಅಗಲದ ಚೀಲಕ್ಕೆ ಬರೀ 5 ಪಿಎಸ್‌ಐ ಒತ್ತಡ ತುಂಬಿದರೂ ಹತ್ತಿರ ಹತ್ತಿರ ಒಂದು ಟನ್ ಎತ್ತುತ್ತದೆ. ಟೈರಿನಲ್ಲಿ ಇರುವ ಗಾಳಿಗಿಂತ ಎಷ್ಟೋ ಕಡಿಮೆ. ಅಷ್ಟು ಅಗಲವಾದ ತಳ ಇರುವುದರಿಂದ ಹುದುಲಿನಲ್ಲಿ, ಮರಳಿನಲ್ಲಿ ಹೂತುಹೋಗುವುದಿಲ್ಲ. ದುಬೈ, ಮಸ್ಕತ್ ಕಡೆ ಇದ್ದುಕೊಂಡು ವಾರಾಂತ್ಯಕ್ಕೆ ಮರಳುಗಾಡಿಗೆ ಹೋಗುವ ನಮ್ಮವರಿಗೆ ಇದು ಹೇಳಿ ಮಾಡಿಸಿದ್ದು.

ಮಲೆನಾಡಿಗೆ? ಅರ್ಧ ಹೌದು, ಅರ್ಧ ಅಲ್ಲ. ಕೆಸರಿಗೆ ಸರಿ, ಮುಳ್ಳು ಮತ್ತು ಚೂಪು ಕಲ್ಲಿಗೆ ಅಲ್ಲ. ಕೆಳಗೊಂದು, ಮೇಲೊಂದು ದಪ್ಪ ಮ್ಯಾಟ್ ಹಾಸಲೇಬೇಕು. ಬಿಸಿ ಸೈಲೆನ್ಸರ್ ಪೈಪ್ ತಾಗಿದರೆ ಚೀಲ ಕರಗುತ್ತದೆ. ಎರಡು ಕಡೆ ಸೈಲೆನ್ಸರ್ ಬಾಯಿ ಇರುವ ಗಾಡಿಯಾದರೆ ಒಂದನ್ನು ಮುಚ್ಚದೆ ಉಬ್ಬುವುದಿಲ್ಲ. ಕಂಪ್ರೆಸರ್‌ನಿಂದಲೂ ತುಂಬಲು ಬಾಯಿ ಇರುವ ಚೀಲ ಇದ್ದರೆ ಅದನ್ನೇ ನೋಡಿ. ಹೊಗೆಯಿಂದ ತುಂಬುವಾಗ ಒಬ್ಬರು ಪೈಪ್ ಹಿಡಿದು ನಿಲ್ಲಬೇಕು, ಇನ್ನೊಬ್ಬರು ಎಂಜಿನ್ ನೋಡಿಕೊಳ್ಳಬೇಕು. ಮುಚ್ಚಿದ ಶೆಡ್ ಒಳಗೆ ಈ ಕೆಲಸ ಬೇಡ, ಹೊಗೆ ಪ್ರಾಣ ತೆಗೆಯುತ್ತದೆ.

ಉಬ್ಬಿದ ಚೀಲದ ಮೇಲೆ ಗಾಡಿ ಪಕ್ಕಕ್ಕೆ ಸುಲಭವಾಗಿ ಓಲಾಡುತ್ತದೆ. ಒಂದು ಬದಿಯ ಎರಡೂ ಚಕ್ರ ಏಳುವುದರಿಂದ ಗೇರ್ ಕೂಡ ನೆರವಾಗುವುದಿಲ್ಲ. ಇಳಿಜಾರಿಗೆ ಅಡ್ಡಲಾಗಿ ನಿಂತ ಗಾಡಿಗಂತೂ ಇದು ಬೇಡವೇ ಬೇಡ. ಎದ್ದ ಚಕ್ರಗಳ ಕೆಳಗೆ ಉದ್ದನೆಯ ಕೋಲಿನಿಂದ ಹಲಗೆ, ಕಲ್ಲು ತಳ್ಳಿ, ಮತ್ತೆ ಇಳಿಸಿ, ಹೊರಗೆ ಬನ್ನಿ. ಚಕ್ರ ಬಿಚ್ಚುವುದು ಇದರ ಕೆಲಸವಲ್ಲ.

ಟ್ರಾಲಿ ಜಾಕ್

ಗ್ಯಾರೇಜಿನ ಸಿಮೆಂಟ್ ನೆಲಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ, ಕೆಸರಿಗೆ ಇದಕ್ಕಿಂತ ಕೆಟ್ಟದ್ದು ಇಲ್ಲ. ಎತ್ತುವಾಗ ಇದರ ಗಾಲಿಗಳು ಉರುಳಬೇಕು, ಮಣ್ಣಿನಲ್ಲಿ ಅದು ಆಗುವುದಿಲ್ಲ. ತೋಟದ ಶೆಡ್‌ನಲ್ಲಿ ಎರಡು ಮೂರು ಗಾಡಿ ಇರುವವರು ಇದನ್ನೂ ಒಂದು ಜೊತೆ ಜಾಕ್ ಸ್ಟ್ಯಾಂಡನ್ನೂ ಇಟ್ಟುಕೊಳ್ಳಬಹುದು. ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ನಂಬಿ ಗಾಡಿ ಕೆಳಗೆ ಯಾರೂ ಹೋಗಬಾರದು. ಕಾಡಲ್ಲಿ ಸ್ಟ್ಯಾಂಡ್ ಇರುವುದಿಲ್ಲ, ಬಿಚ್ಚಿದ ಚಕ್ರವನ್ನೋ ಸ್ಟೆಪ್ನಿಯನ್ನೋ ಚಾಸಿ ಕೆಳಗೆ ಮಲಗಿಸಿ ತಳ್ಳಿಡಿ. ಜಾಕ್ ಜಾರಿದರೂ ಗಾಡಿ ಅದರ ಮೇಲೆ ಕೂರುತ್ತದೆ, ಬ್ರೇಕ್ ಡ್ರಮ್ ನೆಲಕ್ಕೆ ಬಡಿಯುವುದಿಲ್ಲ, ನಿಮ್ಮ ಕೈ ಉಳಿಯುತ್ತದೆ.

ನಮ್ಮ ಕಡೆ ಇನ್ನೊಂದು ಪದ್ಧತಿ ಇದೆ. ನಾಲ್ಕು ಜನ ಸೇರಿ ಗಳ ಹಾಕಿ ಮೀಟಿ ಎತ್ತುವುದು. ಗಳ ಜಾರಿದರೆ ಅದರ ಇನ್ನೊಂದು ತುದಿ ಯಾರ ಹೊಟ್ಟೆಗೆ ಬಡಿಯುತ್ತದೋ ಹೇಳಲಾಗದು. ಕರೆದಾಗ ಓಡಿ ಬರುವ ಜನ ಇದ್ದಾರೆ ಅಂತ ಅವರನ್ನು ಅಪಾಯಕ್ಕೆ ನಿಲ್ಲಿಸುವುದು ಸರಿಯಲ್ಲ.

ಯಾರಿಗೆ ಯಾವುದು

ಕೈಯಲ್ಲಿ ಎರಡು ಮೂರು ಸಾವಿರ ಇದ್ದರೆ ಹೊಸ ಜಾಕ್ ಬೇಡ. ಇರುವ ಜಾಕ್‌ಗೆ ಹಲಗೆ, ಎರಡು ಮರದ ತುಂಡು, ಪ್ಲಗ್ ಕಿಟ್, ಕಂಪ್ರೆಸರ್, ಸಣ್ಣ ಗುದ್ದಲಿ. ಬೆಂಗಳೂರಿನಿಂದ ಸಕಲೇಶಪುರಕ್ಕೆ ವಾರಾಂತ್ಯಕ್ಕೆ ಹೋಗಿಬರುವ ಥಾರ್‌ಗೆ ಇದು ಸಾಕಾಗುತ್ತದೆ.

ತೋಟದ ಬೊಲೆರೊ ಕ್ಯಾಂಪರ್, ಹಳೇ ಜೀಪ್ ಇದ್ದವರು 3 ಅಥವಾ 5 ಟನ್ನಿನ ಎರಡು ಹಂತದ ಬಾಟಲ್ ಜಾಕ್, ಅದಕ್ಕೆ 'ವಿ' ಟೋಪಿ ಮಾಡಿಸಿಕೊಳ್ಳಿ. ಹಿಂದೆ ಗೊಬ್ಬರದ ಮೂಟೆ ತುಂಬಿದ್ದರೆ ಇಳಿಸಿ ಆಮೇಲೆ ಎತ್ತಿ. ಜಿಮ್ನಿಯವರು ಇದೇ ದಾರಿ ಹಿಡಿಯಿರಿ, ಕುಳ್ಳ ಜಾಕ್ ಹುಡುಕುವುದೊಂದೇ ಹೆಚ್ಚಿನ ಕೆಲಸ. ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳು, ಬೆನ್ನುನೋವಿನವರು, ವಯಸ್ಸಾದವರು ಯಾರೇ ಆಗಲಿ ನನ್ನ ಉತ್ತರ ಬದಲಾಗುವುದಿಲ್ಲ.

ಬಾಟಲ್ ಜಾಕ್ ಆಗಲೇ ಇದ್ದು ಇನ್ನೂ ದುಡ್ಡಿದ್ದರೆ? ಪ್ರತಿ ಮಳೆಗಾಲ ಆಕ್ಸಲ್‌ವರೆಗೆ ಹೂಳುವ ಸಮತಟ್ಟು ಗದ್ದೆ ಬಯಲಿನ ದಾರಿ ನಿಮ್ಮದಾದರೆ ಗಾಳಿ ಚೀಲ. ಬಂಡೆ, ಕೊರಕಲು, ಜೊತೆಗೆ ಸ್ನೇಹಿತರ ಗಾಡಿಗಳು, ಸರಿಯಾದ ಉಕ್ಕಿನ ಹಿಡಿತ ಇದ್ದರೆ ಹೈ-ಲಿಫ್ಟ್. ಎರಡೂ ಅಲ್ಲದಿದ್ದರೆ ಆ ದುಡ್ಡಲ್ಲಿ ಒಳ್ಳೆಯ ಟೈರ್ ಹಾಕಿಸಿ, ಜಾಕ್ ತೆಗೆಯುವ ಪ್ರಸಂಗವೇ ಕಡಿಮೆಯಾಗುತ್ತದೆ.

ಸೆಕೆಂಡ್ ಹ್ಯಾಂಡ್ ಬಾಟಲ್ ಜಾಕ್ ಕೊಳ್ಳುವುದಾದರೆ ಅಂಗಡಿಯವನ ಗಾಡಿಯನ್ನೇ ಎತ್ತಿಸಿ. ಎತ್ತಿದ ಮೇಲೆ ಪಿಸ್ಟನ್ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು ಟೀ ಕುಡಿದು ಬನ್ನಿ. ಗೆರೆ ಕೆಳಗೆ ಸರಿದಿದ್ದರೆ ಅಥವಾ ಪಿಸ್ಟನ್ ಬುಡದಲ್ಲಿ ಬೆರಳಿಗೆ ಎಣ್ಣೆ ಹತ್ತಿದರೆ, ಎಷ್ಟೇ ಅಗ್ಗ ಅಂದರೂ ವಾಪಸ್ ಕೊಡಿ. ಹೈ-ಲಿಫ್ಟ್ ಆದರೆ ಪಟ್ಟಿಯ ತೂತುಗಳ ಅಂಚು ಸವೆದಿದೆಯಾ, ಪಟ್ಟಿ ನೆಟ್ಟಗಿದೆಯಾ ಅಂತ ಕಣ್ಣಿಗೆ ಹಿಡಿದು ನೋಡಿ. ಗಾಳಿ ಚೀಲವನ್ನು ಮಾತ್ರ ಹಳೆಯದು ತಗೊಳ್ಳಬೇಡಿ, ಮಡಿಕೆ ಬಿದ್ದ ಕಡೆ ಬಿರುಕು ಬಿಟ್ಟಿರುವುದು ಉಬ್ಬಿಸುವ ತನಕ ತಿಳಿಯುವುದಿಲ್ಲ.